ಸುದ್ದಿಪುಟದ ಅಣಶಿ

1980ರ ದಶಕದಲ್ಲಿ ದೂರದರ್ಶನದ ‘ಮಾಲ್ಗುಡಿ ಡೇಸ್’ಗಾಗಿ ಶಂಕರನಾಗ್ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದರು. ಆ ಊರು ಕಲ್ಪಿತವೆಂಬುದು ನೋಡುಗರಿಗೆ ತಿಳಿದಿತ್ತು. ಪತ್ರಿಕೆಯೂ ಊರು ಕಟ್ಟುತ್ತದೆ. ಓದುಗರು ಅದನ್ನು ನಿಜವೆಂದೇ ನಂಬುತ್ತಾರೆ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯೊಡನೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಪ್ರವಾಸಿ ಪುಟಗಳಲ್ಲಿ ಅದು ಹೆಚ್ಚಾಗಿ ಜನರೇ ಇಲ್ಲದ ದಟ್ಟಾರಣ್ಯ. ಜಿಲ್ಲಾ ಪುಟಗಳಲ್ಲಿ ಹಲವೊಮ್ಮೆ ಕುಣಬಿಯ ಗದ್ದೆ ‘ಅತಿಕ್ರಮಣ’. ಗೆಡ್ಡೆ-ಗೆಣಸಿನ ತಳಿಗಳನ್ನು ತಲೆಮಾರುಗಳಿಂದ ಕಾದಿಟ್ಟ ಕೈಗಳು ಎರಡರಲ್ಲಿಯೂ ಕಾಣವು.

ಇದು ಬರಿಯ ಶಬ್ದಜಗಳವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ 75 ವರ್ಷಗಳ ವಾಸದ ಸಾಕ್ಷ್ಯ ಬೇಡುತ್ತದೆ. ಆ ಸಾಕ್ಷ್ಯವನ್ನು ಮೊದಲು ನೋಡಬೇಕಾದುದು ಗ್ರಾಮಸಭೆ. ಅದಕ್ಕೂ ಮುನ್ನ ತಲೆಬರಹವೇ ‘ಅತಿಕ್ರಮಣದಾರ’ನೆಂದು ತೀರ್ಮಾನಿಸುವುದು ಅನ್ಯಾಯ. ಕನ್ನಡದಲ್ಲಿ ‘ಅರ್ಜಿದಾರ’ ಎಂಬ ಶಬ್ದವೂ ಇದೆಯಲ್ಲ!