ಖಾಲಿ ಕಾರ್ಡ್ ಏನನ್ನು ಹೇಳುವುದಿಲ್ಲ

2024ರ ಏಪ್ರಿಲ್ ಕೊನೆಯಲ್ಲಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ಆವರಣಕ್ಕೆ ಚಿರತೆಯೊಂದು ನುಗ್ಗಿತು. ಅರಣ್ಯ ಇಲಾಖೆ ಬೋನುಗಳ ಜೊತೆಗೆ ಕ್ಯಾಮೆರಾ ಟ್ರ್ಯಾಪ್‌ಗಳನ್ನೂ ಇರಿಸಿತು. ಮೇ ಮೊದಲ ವಾರ ಚಿರತೆ ಬೋನಿಗೆ ಬಿತ್ತು. ಅದನ್ನು ಅಮ್ರಾಬಾದ್ ಹುಲಿ ಮೀಸಲಿಗೆ ಬಿಡಲಾಯಿತು. ಇಂಥ ಸುದ್ದಿ ಬಂದಾಗ ಊರಂಚಿನ ತೋಟದವರಿಗೂ ಬಡಾವಣೆಯ ಸಂಘದವರಿಗೂ ತಾವೂ ಒಂದು ಕ್ಯಾಮೆರಾ ಕಟ್ಟಬೇಕು ಅನ್ನಿಸುವುದು ಸಹಜ. ಕಟ್ಟಲಿ. ಆದರೆ ಅದು ಎಷ್ಟು ಚೆನ್ನಾಗಿ ನೋಡುತ್ತದೆ ಎನ್ನುವುದಕ್ಕಿಂತ ಎಷ್ಟನ್ನು ತಪ್ಪಿಸುತ್ತದೆ ಎಂದು ಮೊದಲು ತಿಳಿದುಕೊಳ್ಳಲಿ.

ಮಾರುಕಟ್ಟೆಯ ಬಹುಪಾಲು ಟ್ರೇಲ್ ಕ್ಯಾಮೆರಾಗಳು ಅಮೆರಿಕದ ಜಿಂಕೆ ಬೇಟೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ನಮ್ಮಲ್ಲಿ 1972ರ ಕಾಯ್ದೆಯ ಪ್ರಕಾರ ಬೇಟೆಯೇ ಅಪರಾಧ. ಡಬ್ಬದ ಮೇಲೆ ಢಾಳಾಗಿ ಕಾಣುವುದು ಮೆಗಾಪಿಕ್ಸೆಲ್. ಕೆಲಸಕ್ಕೆ ಬರುವುದು ಸೆನ್ಸರ್. ಈ ಸೆನ್ಸರ್ ಪ್ರಾಣಿಯನ್ನು ಗುರುತಿಸುವುದಿಲ್ಲ, ಹಿನ್ನೆಲೆಗಿಂತ ಬೇರೆ ಶಾಖದ ವಸ್ತು ಚಲಿಸಿತೇ ಎಂದಷ್ಟೇ ನೋಡುತ್ತದೆ. ಹೈದರಾಬಾದಿನ ಸುತ್ತ ಇರುವುದು ಗ್ರಾನೈಟ್ ಬಂಡೆಗಳು. ಮೇ ತಿಂಗಳ ಬಿಸಿಲಿಗೆ ಕಾದ ಬಂಡೆ ಕತ್ತಲಾದ ಮೇಲೂ ಬೇಗ ತಣಿಯದು. ಬಂಡೆಯ ಶಾಖವೂ ಚಿರತೆಯ ಮೈಶಾಖವೂ ಹತ್ತಿರವಾದಾಗ ಕ್ಯಾಮೆರಾ ಸುಮ್ಮನಿದ್ದುಬಿಡಬಹುದು. ಬಿಸಿಲಲ್ಲಿ ತೂಗಾಡುವ ಹುಲ್ಲು ಮಾತ್ರ ಕಾರ್ಡನ್ನು ತುಂಬಿಸಬಹುದು.

ಆದ್ದರಿಂದ ಪರೀಕ್ಷೆ ಅಂಗಡಿಯಲ್ಲಲ್ಲ, ಕಟ್ಟುವ ಜಾಗದಲ್ಲೇ ಆಗಬೇಕು. ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿ, ಸೂರ್ಯನಿಗೆ ಮುಖಮಾಡದಂತೆ ಕಟ್ಟಿ, ಸಾಕುನಾಯಿಯನ್ನು 10 ಸಲ ಅದರ ಮುಂದೆ ಹಾಯಿಸಬೇಕು. ಮನುಷ್ಯ ಎತ್ತರದವನು, ಅವನನ್ನು ಹಿಡಿದ ಕ್ಯಾಮೆರಾ ಚಿರತೆಯನ್ನೂ ಹಿಡಿಯುತ್ತದೆ ಎನ್ನುವಂತಿಲ್ಲ. ಮುಸ್ಸಂಜೆಗೆ ಒಮ್ಮೆ, ನಸುಕಿನಲ್ಲಿ ಇನ್ನೊಮ್ಮೆ, ಅಡ್ಡಲಾಗಿಯೂ ನೇರವಾಗಿಯೂ. 10ರಲ್ಲಿ 7 ಸಿಕ್ಕರೆ 3 ತಪ್ಪಿದವು ಎಂದು ಬರೆದಿಡಬೇಕು. ಆ 3 ಮುಖ್ಯ.

ಈ ಎಚ್ಚರ ಕನ್ನಡ ನಾಡಿಗೆ ಹೊಸದಲ್ಲ. 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ನಿಂದ ಹುಲಿಗಳನ್ನು ಅಂದಾಜಿಸುವ ವಿಧಾನವನ್ನು ರೂಪಿಸಿದರು. ಪಟ್ಟೆ ನೋಡಿ ಹುಲಿಯನ್ನು ಗುರುತಿಸುವುದು ಅದರ ಅರ್ಧ. ಕ್ಯಾಮೆರಾಕ್ಕೆ ಸಿಗದ ಹುಲಿಗಳೂ ಇವೆ ಎಂದು ಒಪ್ಪಿ, ಅವೆಷ್ಟಿರಬಹುದು ಎಂದು ಲೆಕ್ಕಹಾಕುವುದು ಉಳಿದರ್ಧ. 2018ರ ರಾಷ್ಟ್ರೀಯ ಗಣತಿಯಲ್ಲೂ ಚಿತ್ರಕ್ಕೆ ಸಿಕ್ಕ ಹುಲಿಗಳು 2,461, ಅಂದಾಜು 2,967. ಸಾವಿರಾರು ಕ್ಯಾಮೆರಾಗಳಿದ್ದೂ ಸುಮಾರು 500 ಹುಲಿಗಳು ಲೆಕ್ಕದಲ್ಲಿವೆ, ಚಿತ್ರದಲ್ಲಿಲ್ಲ.

ಹೀಗಿರುವಾಗ ಬೇಲಿಗೆ ಕಟ್ಟಿದ ಒಂದೇ ಕ್ಯಾಮೆರಾದ ಖಾಲಿ ಕಾರ್ಡ್ ನೋಡಿ "ಚಿರತೆ ಹೋಯಿತು" ಎನ್ನುವುದು ದುಡುಕು. ಆ ಮಾತನ್ನು ನಂಬಿ ಮಕ್ಕಳು ಮಬ್ಬುಗತ್ತಲಲ್ಲಿ ಹೊರಗೆ ಆಡುತ್ತಾರೆ, ಕುರಿಗಾಹಿ ದೊಡ್ಡಿಯ ಬಾಗಿಲನ್ನು ತೆರೆದಿಟ್ಟು ಮಲಗುತ್ತಾನೆ. ನಾಳೆ ಅವಘಡವಾದರೆ ಸಿಟ್ಟೆಲ್ಲ ಚಿರತೆಯ ಮೇಲೆ. ಬಡಾವಣೆಯ ಸೂಚನಾ ಫಲಕದಲ್ಲಿ "ಚಿರತೆ ಇಲ್ಲ" ಎಂದು ಬರೆಯುವ ಬದಲು "ಇಷ್ಟು ರಾತ್ರಿ, ಇಷ್ಟು ಕ್ಯಾಮೆರಾ, ಪರೀಕ್ಷೆಯಲ್ಲಿ 10ಕ್ಕೆ 7 ಸಿಕ್ಕಿತ್ತು, ಚಿರತೆಯ ಚಿತ್ರ ಸಿಕ್ಕಿಲ್ಲ" ಎಂದು ಬರೆಯಲಿ. ಓದಿದವರು ದೊಡ್ಡಿಯ ಬಾಗಿಲು ಹಾಕಿಕೊಳ್ಳುತ್ತಾರೆ.