ಇಂಜಿನ್ ಕೆಲಸ ಮಾಡಿಸಿದ ಗಾಡಿಗೆ ಐಡ್ಲಿಂಗ್ ಮದ್ದಲ್ಲ

ಮಳೆ ಹಿಡಿಯುವ ಮೊದಲು ಗಾಡಿ ರೆಡಿ ಆಗ್ಬೇಕು ಅಂತ ಬೇಸಿಗೆಯಲ್ಲೇ ಇಂಜಿನ್ ಬಿಚ್ಚಿಸುತ್ತೇವೆ. ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ ಸಾವಿರಾರು ರೂಪಾಯಿ ಸುರಿಯುತ್ತೇವೆ. ಆಮೇಲೆ ಮಾಡುವ ತಪ್ಪು ಎರಡು ಥರದ್ದು. ಕೆಲವರು ಅವತ್ತೇ ಸಂಜೆ ಕೆಂಪು ಕಲ್ಲು ಲೋಡ್ ಮಾಡ್ತಾರೆ. ಇನ್ನು ಕೆಲವರು "ಇಂಜಿನ್ ಸೆಟ್ ಆಗ್ಲಿ" ಅಂತ ಅಂಗಳದಲ್ಲಿ ನಿಲ್ಲಿಸಿ ಅರ್ಧ ದಿನ ಐಡ್ಲಿಂಗ್‌ನಲ್ಲಿ ಬಿಡ್ತಾರೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಮೋಸ, ಯಾಕಂದ್ರೆ ಅದು ನೋಡ್ಲಿಕ್ಕೆ ಆರೈಕೆಯ ಹಾಗೆ ಕಾಣ್ತದೆ.

ಹೋನಿಂಗ್ ಮಾಡಿದ ಸಿಲಿಂಡರ್ ಗೋಡೆಯಲ್ಲಿ ಅಡ್ಡಡ್ಡ ಸಣ್ಣ ಗೀರುಗಳಿರುತ್ತವೆ. ಹೊಸ ರಿಂಗ್ ಆ ಗೀರುಗಳ ಮೇಲೆ ಸವೆದು ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ಪ್ರಿಂಗ್ ಗುಣ ಮಾತ್ರ ಅಲ್ಲ, ಉರಿಯುವ ಗ್ಯಾಸಿನ ಒತ್ತಡ ಕೂಡ. ಐಡ್ಲಿಂಗ್‌ನಲ್ಲಿ ಆ ಒತ್ತಡ ತೀರಾ ಕಡಿಮೆ. ರಿಂಗ್ ಕೂರುವ ಮೊದಲೇ ಗೋಡೆ ನುಣುಪಾಗಿ ಗಾಜಿನಂತಾದರೆ, ಆಮೇಲೆ ಗಾಡಿ ಆಯಿಲ್ ಕುಡಿಯುತ್ತದೆ, ಹೊಗೆ ಬಿಡುತ್ತದೆ. ಪುನಃ ಇಂಜಿನ್ ಬಿಚ್ಚುವುದೇ ದಾರಿ.

ಹಾಗಾದ್ರೆ ಏನು ಮಾಡ್ಬೇಕು? ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಪ್ರೆಶರ್ ಬಂತಾ, ಎಲ್ಲಾದರೂ ಲೀಕ್ ಇದೆಯಾ ನೋಡಿ. ಎಲ್ಲ ಸರಿ ಇದ್ರೆ ಗಾಡಿಯನ್ನು ರಸ್ತೆಗೆ ತನ್ನಿ. ಹಳೇ ಮಾದರಿಯ ಇಂಜಿನ್‌ಗೆ ಹೊಸ ಕ್ಯಾಮ್ ಶಾಫ್ಟ್ ಹಾಕಿದ್ದರೆ ಮೊದಲ 20–30 ನಿಮಿಷ ಸುಮಾರು 2,000 ಆರ್‌ಪಿಎಂನಲ್ಲಿ ಓಡಿಸಲು ಹೇಳುವುದುಂಟು. ಅದೂ ಐಡ್ಲಿಂಗ್ ಅಲ್ಲ ಅನ್ನೋದು ನೆನಪಿರಲಿ.

ರನ್ನಿಂಗ್ ಮಾಡ್ಲಿಕ್ಕೆ ನಮ್ಮ ಊರಿನಂಥ ರಸ್ತೆ ಬೇರೆ ಬೇಡ ಮಾರಾಯ್ರೆ. ಉಡುಪಿಯಿಂದ ಕಾಪುವಿಗೆ ಹೆದ್ದಾರಿ 66 ಹೆಚ್ಚುಕಮ್ಮಿ ಸಮತಟ್ಟು. ಅಲ್ಲಿ ಒಂದೇ ಸ್ಪೀಡ್ ಹಿಡಿಯದೆ, ಹಿಂದೆ ಗಾಡಿ ಇಲ್ಲದಾಗ 40ರಿಂದ 60ಕ್ಕೆ ಏರಿಸಿ, ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಇಳಿಸಿ, ಪುನಃ ಏರಿಸಿ. ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗಿ, ಬೈಲೂರು, ಹಿರಿಯಡ್ಕ, ಮಣಿಪಾಲ ದಾರಿಯಲ್ಲಿ ವಾಪಸ್ ಬನ್ನಿ. ಏರು, ಇಳಿಜಾರು, ತಿರುವು ಎಲ್ಲ ಸಿಗ್ತದೆ. ಚಡಾವಿನಲ್ಲಿ ಮೇಲಿನ ಗೇರಲ್ಲಿ ಇಂಜಿನ್ ಗುದ್ದಾಡುವ ಹಾಗೆ ಎಳೆಸಬೇಡಿ, ಮೊದಲೇ ಗೇರ್ ಇಳಿಸಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಲೋಡ್ ಹಾಕಿ ಆಗುಂಬೆ ಘಾಟಿ ಹತ್ತುವ ಯೋಚನೆ ಸದ್ಯಕ್ಕೆ ಬೇಡ.

ಸಾಗಿಸಲೇಬೇಕಾದ್ರೆ ಹಗುರ ಮಾಲು ಸಾಕು. ಶಂಕರಪುರದ ಮಲ್ಲಿಗೆ ಚೆಂಡು, ಮಟ್ಟುಗುಳ್ಳದ ನಾಲ್ಕು ಬುಟ್ಟಿ ಇಂಜಿನ್‌ಗೆ ಭಾರವೇ ಅಲ್ಲ. ಕಲ್ಲು, ಗೊಬ್ಬರದ ಮೂಟೆ 1,000 ಕಿ.ಮೀ. ದಾಟಿದ ಮೇಲೆ.

ಆಯಿಲ್ ವಿಷಯದಲ್ಲಿ ಪಿಟ್ಟಾಸಿ ಮಾಡಬೇಡಿ. ಮೊದಲಿಗೆ ಸಾದಾ ಮಿನರಲ್ ಆಯಿಲ್ ಸಾಕು, ದುಬಾರಿ ಸಿಂಥೆಟಿಕ್ ಆಮೇಲೆ. ಸವೆದ ಲೋಹದ ಪುಡಿ ಹೆಚ್ಚಾಗಿ ಬರುವುದು ಆರಂಭದಲ್ಲೇ. ಹಾಗಾಗಿ 100 ಕಿ.ಮೀ. ಒಳಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ ಅಂತ ನನ್ನ ಸಲಹೆ. ಕಂಪನಿ ಅಥವಾ ರಿಂಗ್ ಪೆಟ್ಟಿಗೆಯ ಚೀಟಿ ಬೇರೆ ಹೇಳಿದ್ರೆ ಅದೇ ಅಂತಿಮ. ಪ್ರತಿದಿನ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿ, ಮೊಬೈಲಲ್ಲಿ ಫೋಟೊ ತೆಗೆದಿಡಿ. ಆಯಿಲ್ ಇಳೀತಾ ಇದ್ರೆ ಗ್ಯಾರೇಜಿನವರ ಹತ್ರ ತೋರಿಸ್ಲಿಕ್ಕೆ ಅದೇ ಸಾಕ್ಷಿ.

ಒಂದೆರಡು ವಾರದ ಬಾಡಿಗೆ ಹೋಗ್ತದೆ, ನಿಜ. ಆದ್ರೆ ನಡು ಮಳೆಗಾಲದಲ್ಲಿ ಗಾಡಿ ಪುನಃ ಗ್ಯಾರೇಜ್ ಸೇರಿದ್ರೆ ಹೋಗುವುದು ಇಡೀ ಸೀಸನ್. ಲೆಕ್ಕ ನೀವೇ ಹಾಕಿ.