ದೀಪಕ್ಕೆ ಬರುವ ಪತಂಗಗಳು

ದೀಪಕ್ಕೆ ಬರುವ ಪತಂಗಗಳನ್ನು ಎಣಿಸುವುದರಿಂದ ಹೆಣ್ಣುಮಕ್ಕಳಿಗೆ ಪ್ರಯೋಜನವೇನೆಂದು ಕೆಲವು ಪಾಲಕರು ಕೇಳುವುದುಂಟು. ಮಳೆ ಹೊಳವಾದ ಕತ್ತಲ ರಾತ್ರಿ ಖಾನಾಪುರದ ಹಿತ್ತಲಲ್ಲಿ ಬಿಳಿಯ ಬಟ್ಟೆ ಕಟ್ಟಿ ದೀಪವನ್ನಿಟ್ಟರೆ, ಬೆಳಗಾವಿಯ ಬೀದಿದೀಪಗಳ ನಡುವೆ ಕಾಣದ ಎಷ್ಟೋ ಪತಂಗಗಳು ಬಂದು ಕೂಡುವವು. ಎಣಿಕೆಯು ಪ್ರಯೋಜನಕರವೇ, ಆದರೆ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದೆಂಬುದು ನಮ್ಮ ಮತ. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಬೆಲ್ ಸಾಹೇಬರು ಮರಿಹುಳಗಳನ್ನು ಸಾಕಿ, ಯಾವುದು ಯಾವ ಎಲೆಯನ್ನು ತಿನ್ನುವುದೆಂಬುದನ್ನೂ ಬರೆದಿಟ್ಟರು. ಸ್ಕಾಟರೊಡನೆ ಅವರು ರಚಿಸಿದ ಪತಂಗಗ್ರಂಥವು 1937ರಲ್ಲಿ ಪ್ರಕಟವಾಯಿತು. ಅಟ್ಲಾಸ್ ಪತಂಗಕ್ಕೆ ಉಣ್ಣುವ ಬಾಯಿಯೇ ಇಲ್ಲ; ಹುಳವಾಗಿದ್ದಾಗ ತಿಂದ ಎಲೆಯ ಬಲದಿಂದಲೇ ಅದು ಕೆಲವು ದಿನ ಬದುಕುವುದು. ಹಿತ್ತಲನ್ನು ಚೊಕ್ಕಟ ಮಾಡುವೆವೆಂದು ಗಿಡಗಳನ್ನೆಲ್ಲ ಕಡಿದ ಮೇಲೆ ದೀಪವನ್ನು ಉರಿಸಿ ಫಲವೇನು? ಆದುದರಿಂದ ತಾರೀಖಿನೊಡನೆ ಹಿತ್ತಲಿನ ಗಿಡಗಳ ಹೆಸರನ್ನೂ, ಒಂದೂ ಬಾರದ ರಾತ್ರಿಯನ್ನೂ ಬರೆಯಿರಿ. ನಸುಕಿಗೆ ಮುಂಚೆ ದೀಪವನ್ನಾರಿಸಿರಿ. ಇಲ್ಲವಾದರೆ ಬಟ್ಟೆಯ ಮೇಲೆ ಕುಳಿತವು ಹಕ್ಕಿಗಳ ಪಾಲಾಗುವವು.